ಪ್ಯಾಕಿಂಗ್ ಬದಲಿಸುವ ಮುಂಚೆ

(ಬೆಳಗಾವಿಯ ಉದ್ಯಮಬಾಗದಲ್ಲಿ ಹಳೇ ಗಾಡಿ ಇಟ್ಟುಕೊಂಡವರು, ಗ್ಯಾರೇಜಿನ ಹುಡುಗರು ಮತ್ತು ಐಟಿಐ ವಿದ್ಯಾರ್ಥಿಗಳ ಮುಂದೆ ಆಡಿದ ಮಾತಿನ ಬರಹ ರೂಪ. ಎಂಜಿನ್ ಎದುರಿಗಿಟ್ಟು ಕೈಯಲ್ಲಿ ತೋರಿಸಿದ್ದನ್ನು ಇಲ್ಲಿ ಬಿಡಿಸಿ ಬರೆದಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಹಳೇ ಬೈಕಿನ ಎಂಜಿನ್ ಎಣ್ಣೆ ಸೋರಿದರೆ ನಾವು ಮೊದಲು ಮಾಡುವ ಕೆಲಸ ಪ್ಯಾಕಿಂಗ್, ಅಂದರೆ ಎರಡು ಭಾಗ ಕೂಡುವ ಕಡೆ ನಡುವೆ ಹಾಕುವ ತೆಳು ಹಾಳೆ, ಬದಲಿಸುವುದು. ಮತ್ತೆ ಸೋರಿದರೆ ಪ್ಯಾಕಿಂಗ್ ಜೊತೆಗೆ ಸಿಲಿಕೋನ್ ಹಚ್ಚುತ್ತೇವೆ. ಆಮೇಲೂ ಸೋರಿದರೆ ಸಿಲಿಕೋನ್ ಇನ್ನೂ ಜಾಸ್ತಿ ಹಚ್ಚಿ, ಬೋಲ್ಟನ್ನು ಮೈಯೆಲ್ಲ ಬಲ ಹಾಕಿ ಬಿಗಿಯುತ್ತೇವೆ. ಅದಕ್ಕೂ ನಿಲ್ಲದಿದ್ದರೆ "ಬುಲೆಟ್ ಅಂದಮ್ಯಾಲ ಸೋರೂದ ರೀ, ಸೋರಲಿಲ್ಲಂದ್ರ ಒಳಗ ಎಣ್ಣಿ ಖಾಲಿ ಆಗೇತಿ ಅಂತ ತಿಳ್ಕೋರಿ" ಎಂದು ನಗಿಸಿ ಕಳಿಸುತ್ತೇವೆ. ಗಿರಾಕಿಯೂ ನಗುತ್ತಾನೆ. ಮನೆಗೆ ಹೋಗಿ ಗಾಡಿ ಕೆಳಗೆ ರಟ್ಟು ಹಾಸುತ್ತಾನೆ.

ಹಟ ಹಿಡಿದ ಸೋರಿಕೆಯಲ್ಲಿ ತಪ್ಪು ಪ್ಯಾಕಿಂಗಿನದ್ದಾಗಿರುವುದು ಬಹಳ ಕಡಿಮೆ. ಒಳಗಿನ ಗಾಳಿಗೆ ಹೊರಗೆ ಹೋಗಲು ದಾರಿ ಇರುವುದಿಲ್ಲ. ಇಲ್ಲವೇ ಕೂಡುವ ಎರಡು ಮುಖಗಳು ಸಪಾಟಾಗಿರುವುದಿಲ್ಲ. ಈ ಎರಡನ್ನು ನೋಡದೆ ಪ್ಯಾಕಿಂಗ್ ಬದಲಿಸಿದರೆ ಅದು ಮತ್ತೆ ಸೋರಿಯೇ ಸೋರುತ್ತದೆ. ಅದಕ್ಕೂ ಮುಂಚೆ ಇನ್ನೊಂದಿದೆ. ನಾವು ಸೋರುತ್ತಿದೆ ಅಂದುಕೊಂಡ ಜಾಗದಲ್ಲಿ ಎಷ್ಟೋ ಸಲ ಸೋರಿಕೆಯೇ ಇರುವುದಿಲ್ಲ. ಅಲ್ಲಿಂದಲೇ ಶುರು ಮಾಡೋಣ.

ಎಣ್ಣೆ ಕೆಳಗೆ ಇಳಿಯುತ್ತದೆ, ಇದು ಎಲ್ಲರಿಗೂ ಗೊತ್ತು. ಗಾಡಿ ಓಡುವಾಗ ಗಾಳಿಗೆ ಹಿಂದಕ್ಕೂ ಹೋಗುತ್ತದೆ, ಇದನ್ನು ಮರೆಯುತ್ತೇವೆ. ಎಂಜಿನ್ನಿನ ತಲೆಯಾದ ಹೆಡ್ಡಿನ ಬಲಮುಂಭಾಗದಲ್ಲಿ ಹೊರಟ ಎಣ್ಣೆ, ಪಿಸ್ಟನ್ ಆಡುವ ಬ್ಲಾಕಿನ ರೆಕ್ಕೆಗಳ ಸಂದಿಯಲ್ಲಿ ಇಳಿದು, ಕೆಳಗಿನ ಡಬ್ಬಿಯಾದ ಕ್ರ್ಯಾಂಕ್‌ಕೇಸಿನ ಮೇಲೆ ಹರಡಿ, ಹಿಂದೆ ಗೇರ್‌ಬಾಕ್ಸಿನ ಕೆಳಗೆ ಹನಿಯಾಗಿ ಬೀಳುತ್ತದೆ. ಹನಿ ಬಿದ್ದ ಜಾಗ ನೋಡಿ ಗೇರ್‌ಬಾಕ್ಸ್ ಬಿಚ್ಚಿದರೆ ಒಂದು ದಿನದ ಕೆಲಸ ದಂಡ. ಹಾಗಾಗಿ ಹುಡುಕಬೇಕಾದದ್ದು ಒದ್ದೆಯಾದ ಜಾಗಗಳಲ್ಲಿ ಎಲ್ಲಕ್ಕಿಂತ ಮೇಲಿನದ್ದು ಮತ್ತು ಎಲ್ಲಕ್ಕಿಂತ ಮುಂದಿನದ್ದು.

ನಮ್ಮ ಕಡೆ ಇದು ಇನ್ನೂ ಕಷ್ಟ. ಖಾನಾಪುರ, ಜಾಂಬೋಟಿ ಕಡೆಯಿಂದ ಬರುವ ಗಾಡಿಗಳಿಗೆ ಮಳೆಗಾಲದಲ್ಲಿ ಕೆಂಪು ರಾಡಿ ಮೆತ್ತಿಕೊಂಡಿರುತ್ತದೆ. ಬೈಲಹೊಂಗಲ, ಸವದತ್ತಿ ಕಡೆಯವಕ್ಕೆ ಎರೆಮಣ್ಣಿನ ಧೂಳು. ಎಣ್ಣೆ ಕುಡಿದ ಮಣ್ಣು ಬಿಸಿಗೆ ಒಣಗಿ ಗಟ್ಟಿ ತೊಗಟೆಯಾಗುತ್ತದೆ. ಎಣ್ಣೆ ಅದರ ಅಡಿಯಲ್ಲೇ ಹರಿದು ಎಲ್ಲೋ ಹೊರಬೀಳುತ್ತದೆ. ಈ ತೊಗಟೆ ಇಟ್ಟುಕೊಂಡು ಸೋರಿಕೆ ಹುಡುಕಲು ಹೋಗುವುದು ಸುಮ್ನೆ ಊಹೆ ಮಾಡಿದ ಹಾಗೆ.

ಮೊದಲು ಎಂಜಿನ್ ಪೂರ್ತಿ ತೊಳೆಯಿರಿ. ಡೀಸೆಲ್ ಹಚ್ಚಿ ಬ್ರಷ್‌ನಿಂದ ತಿಕ್ಕಿ, ಆಮೇಲೆ ಸೋಪಿನ ನೀರು, ಆಮೇಲೆ ಗಾಳಿ ಹೊಡೆದು ಒಣಗಿಸಿ. ರೆಕ್ಕೆಗಳ ಸಂದಿ, ಕಾರ್ಬುರೇಟರಿನ ಅಡಿ, ಸ್ಪ್ರಾಕೆಟ್ ಕವರಿನ ಒಳಗೆ, ಇವೂ ಸೇರಿ. ಸ್ಪ್ರಾಕೆಟ್ ಕವರಿನ ಒಳಗೆ ಚೈನಿನ ಎಣ್ಣೆ, ಮಣ್ಣು ಸೇರಿ ಬೆರಳು ದಪ್ಪ ಕರಿ ಗಸಿ ಕೂತಿರುತ್ತದೆ. ಅದು ಚೈನಿಗೆ ಹಾಕಿದ ಎಣ್ಣೆ ಸಿಡಿದದ್ದು, ಎಂಜಿನ್ನಿನದ್ದಲ್ಲ. ಅದನ್ನು ನೋಡಿ ಸೀಲ್ ಹೋಗಿದೆ ಅಂದವರಿದ್ದಾರೆ.

ಒಣಗಿದ ಮೇಲೆ ಅನುಮಾನದ ಕಡೆಗೆಲ್ಲ ಮೈಗೆ ಹಾಕುವ ಪೌಡರ್ ಉದುರಿಸಿ. ಸೀಮೆಸುಣ್ಣದ ಪುಡಿಯೂ ಆಗುತ್ತದೆ. ಗಾಡಿಯನ್ನು ಡಬಲ್ ಸ್ಟ್ಯಾಂಡ್ ಹಾಕಿ ಐಡಲ್‌ನಲ್ಲಿ, ಅಂದರೆ ಎಕ್ಸಿಲರೇಟರ್ ತಿರುಗಿಸದೆ, ಬಿಸಿ ಮಾಡಿ. ಆಮೇಲೆ ಪೀರನವಾಡಿ ದಾಟಿ ಖಾನಾಪುರ ರಸ್ತೆಯಲ್ಲಿ ಒಂದು ಸುತ್ತು ಹೊಡೆದು ಬನ್ನಿ. ಬಂದು ಬ್ಯಾಟರಿ ಬೆಳಕು ಬಿಟ್ಟು ನೋಡಿದರೆ ಬಿಳಿಯ ಮೇಲೆ ಕಂದು ಗೆರೆ ಮೂಡಿರುತ್ತದೆ. ಗೆರೆಯ ಮೇಲಿನ ತುದಿಯೇ ಸೋರಿಕೆಯ ಬಾಯಿ. ಐಡಲ್‌ನಲ್ಲಿ ಬರದೆ ಓಡಿಸಿದಾಗ ಮಾತ್ರ ಬಂದರೆ ಅದನ್ನು ಒಂದು ಚೀಟಿಯಲ್ಲಿ ಬರೆದಿಡಿ. ಮುಂದೆ ಅದರ ಅರ್ಥ ಹೇಳುತ್ತೇನೆ.

ಇನ್ನೊಂದು, ಸೋರುತ್ತಿರುವ ಎಣ್ಣೆ ಯಾವುದು? ಎರಕದ ಕಬ್ಬಿಣದ ಬ್ಲಾಕಿನ ಹಳೇ ಬುಲೆಟ್ಟಿನಲ್ಲಿ ಎಂಜಿನ್ನಿಗೆ ಒಂದು ಎಣ್ಣೆ, ಪ್ರೈಮರಿ ಚೈನಿನ ಡಬ್ಬಿಗೆ ಬೇರೆ, ಗೇರ್‌ಬಾಕ್ಸಿಗೆ ಬೇರೆ. ಮೂರಕ್ಕೂ ಮೂರು ಮನೆ. ಎಂಜಿನ್ ಎಣ್ಣೆ ತೆಳ್ಳಗೆ, ಕಪ್ಪು. ಗೇರ್ ಎಣ್ಣೆ ದಪ್ಪ, ಮೂಗಿಗೆ ಹಿಡಿದರೆ ಗಂಧಕದ ಘಾಟು. ಪ್ರೈಮರಿ ಎಣ್ಣೆಗೆ ಕ್ಲಚ್ ಸುಟ್ಟ ವಾಸನೆ ಇರುತ್ತದೆ. ಸ್ಪ್ಲೆಂಡರಿನಂಥ ಗಾಡಿಗಳಲ್ಲಿ ಈ ಗೊಂದಲ ಇಲ್ಲ. ಎಂಜಿನ್, ಕ್ಲಚ್, ಗೇರ್ ಎಲ್ಲಕ್ಕೂ ಒಂದೇ ಎಣ್ಣೆ.

ಈಗ ಗಾಳಿಯ ವಿಷಯ. ಇವತ್ತು ಒಂದೇ ಒಂದನ್ನು ನೆನಪಿಟ್ಟುಕೊಂಡು ಹೋಗುವುದಾದರೆ ಇದನ್ನು ಇಟ್ಟುಕೊಳ್ಳಿ.

350ರ ಹಳೇ ಬುಲೆಟ್ಟಿನ ಬೋರ್, ಅಂದರೆ ಸಿಲಿಂಡರಿನ ಒಳಗಿನ ಅಗಲ, 70 ಮಿಲಿಮೀಟರ್. ಸ್ಟ್ರೋಕ್, ಅಂದರೆ ಪಿಸ್ಟನ್ ಏರಿಳಿಯುವ ದೂರ, 90. ಲೆಕ್ಕ ಹಾಕಿದರೆ 346 ಸಿಸಿ. ಈ 346 ಸಿಸಿಯನ್ನು ನಾವು ಯಾವಾಗಲೂ ಪಿಸ್ಟನ್ನಿನ ಮೇಲ್ಗಡೆಯ ಲೆಕ್ಕವಾಗಿ ನೋಡುತ್ತೇವೆ, ಅಲ್ವಾ? ಕೆಳಗಡೆ ನೋಡಿ. ಪಿಸ್ಟನ್ ಕೆಳಗೆ ಬರುವಾಗಲೆಲ್ಲ ಅಷ್ಟೇ ಗಾಳಿಯನ್ನು ಕ್ರ್ಯಾಂಕ್‌ಕೇಸಿನೊಳಗೆ ಒತ್ತುತ್ತದೆ. ಎಂಜಿನ್ 3000 ಆರ್‌ಪಿಎಂನಲ್ಲಿ ಓಡುತ್ತಿದ್ದರೆ ಇದು ಸೆಕೆಂಡಿಗೆ 50 ಸಲ. ಅಂದರೆ ಸೆಕೆಂಡಿಗೆ ಸುಮಾರು 17 ಲೀಟರ್ ಗಾಳಿ ಹಿಂದೆ ಮುಂದೆ ಆಡುತ್ತಿದೆ. ಒಂಟಿ ಸಿಲಿಂಡರಿನಲ್ಲಿ ಒಂದು ಪಿಸ್ಟನ್ ಇಳಿಯುವಾಗ ಏರುವ ಇನ್ನೊಂದು ಪಿಸ್ಟನ್ ಇಲ್ಲ. ಆ ಗಾಳಿ ಎಲ್ಲಿಗಾದರೂ ಹೋಗಲೇಬೇಕು.

ಅದಕ್ಕೇ ಬ್ರೀದರ್ ಇಟ್ಟಿರುವುದು. ಹಳೇ ಬುಲೆಟ್ಟಿನಲ್ಲಿ ಕ್ರ್ಯಾಂಕ್‌ಕೇಸಿನಿಂದ ಹೊರಡುವ ಪೈಪಿಗೆ ಚಪ್ಪಟೆ ತುಟಿಯ ಒಂದು ಸಣ್ಣ ರಬ್ಬರ್ ಇರುತ್ತದೆ. ಒಳಗಿನಿಂದ ಒತ್ತಡ ಬಂದರೆ ತುಟಿ ತೆರೆಯುತ್ತದೆ, ಪಿಸ್ಟನ್ ಮೇಲೆ ಹೋಗುವಾಗ ಮುಚ್ಚಿಕೊಳ್ಳುತ್ತದೆ. ಗಾಳಿ ಹೋಗಬಹುದು, ಬರುವಂತಿಲ್ಲ. ಇದು ಸರಿಯಿದ್ದರೆ ಕ್ರ್ಯಾಂಕ್‌ಕೇಸಿನ ಒಳಗೆ ಸರಾಸರಿ ಒತ್ತಡ ಹೊರಗಿಗಿಂತ ತುಸು ಕಡಿಮೆಯೇ ಇರುತ್ತದೆ. ಆಗ ಪ್ಯಾಕಿಂಗ್ ಅಷ್ಟಕ್ಕಷ್ಟೇ ಇದ್ದರೂ ಎಣ್ಣೆ ಹೊರಗೆ ಬರುವುದಿಲ್ಲ. ಹಳೇ ಕಾಲದ ಎಂಜಿನ್ ಕಟ್ಟಿದವರು ಇದನ್ನೇ ನಂಬಿದ್ದರು.

ಆ ರಬ್ಬರ್ ಬಿಸಿಲಿಗೆ, ಎಣ್ಣೆಗೆ ಗಟ್ಟಿಯಾಗಿ ತುಟಿ ಅಂಟಿಕೊಂಡರೆ? ಅಥವಾ ಯಾರೋ ಪೈಪನ್ನು ಬ್ಯಾಟರಿ ಡಬ್ಬಿಯ ಹಿಂದೆ ಮಡಚಿ ಕೂರಿಸಿದ್ದರೆ? ಕುಕ್ಕರಿನ ಸೀಟಿ ಕಟ್ಟಿಕೊಂಡಾಗ ಆವಿ ಪಕ್ಕದ ರಬ್ಬರಿನಿಂದ ಬುಸ್ ಎನ್ನುತ್ತದೆ, ನೋಡಿದ್ದೀರಿ. ಇಲ್ಲೂ ಅದೇ ಆಗುತ್ತದೆ. ಮನೆಯಲ್ಲಿ ನಾವು ಸೀಟಿ ಬಿಚ್ಚಿ ತೊಳೆಯುತ್ತೇವೆ. ಗ್ಯಾರೇಜಿನಲ್ಲಿ ಮಾತ್ರ ರಬ್ಬರ್ ಬದಲಿಸುತ್ತಾ ಕೂರುತ್ತೇವೆ.

ಬೈಲಹೊಂಗಲ ಕಡೆಯ ರೈತರೊಬ್ಬರ ಬುಲೆಟ್ ಬಂದಿತ್ತು. ಹೆಡ್ಡಿನ ಹತ್ತಿರ, ಟ್ಯಾಪೆಟ್ ಕವರ್ ಹತ್ತಿರ, ಬ್ಲಾಕಿನ ಬುಡದಲ್ಲಿ, ಎಲ್ಲ ಕಡೆ ಎಣ್ಣೆ. "ಮಿಸ್ತ್ರಿ, ಮೂರೂ ಪ್ಯಾಕಿಂಗ್ ಹೊಸಾವು ಅದಾವ, ಆದ್ರೂ ನಿಲ್ಲವಲ್ದು" ಎಂದರು. ಒಂದೇ ಸಲ ಮೂರು ಕಡೆ ಸೋರಿದರೆ ಪ್ಯಾಕಿಂಗ್ ಬಗ್ಗೆ ಯೋಚಿಸಲೇಬೇಡಿ. ಹೆಚ್ಚಾಗಿ ಮೂರಕ್ಕೂ ಮುಖ್ಯ ಕಾರಣ ಒಂದೇ ಇರುತ್ತದೆ.

"ಕಾಕಾ, ಗಾಡಿ ಎಲ್ಲಿ ನಿಲ್ಲಸ್ತೀರಿ?"

"ದನದ ಕೊಟ್ಟಗಿ ಬಾಜೂಕ. ಮಳಿಗಾಲದಾಗ ಹೊರಗ ತಗದಿಲ್ಲ."

ಬ್ರೀದರ್ ಪೈಪ್ ಬಿಚ್ಚಿದೆ. ಬಾಯಿಯಿಂದ ಊದಿದರೆ ಗಾಳಿ ಹೋಗಲಿಲ್ಲ. ತುದಿಯಲ್ಲಿ ಕಣಜ ಮಣ್ಣಿನ ಗೂಡು ಕಟ್ಟಿತ್ತು. ಆ ಮಣ್ಣು ಒಣಗಿ ಕಲ್ಲಾಗಿತ್ತು. ತಂತಿ ಹಾಕಿ ತೆಗೆದು, ಪೈಪನ್ನು ಪೆಟ್ರೋಲಿನಲ್ಲಿ ತೊಳೆದು, ಹೊಸ ರಬ್ಬರ್ ಹಾಕಿ, ಎಂಜಿನ್ ಒರೆಸಿ ಪೌಡರ್ ಹಚ್ಚಿ ಓಡಿಸಿದೆ. ಬ್ಲಾಕಿನ ಬುಡ ಒಣಗಿತ್ತು, ಹೆಡ್ ಒಣಗಿತ್ತು. ಟ್ಯಾಪೆಟ್ ಕವರ್ ಮಾತ್ರ ಸ್ವಲ್ಪ ಒದ್ದೆ. ಅದರ ಕತೆ ಬೇರೆ, ಆಮೇಲೆ ಬರುತ್ತೇನೆ.

ಆಮೇಲಿನ ಗಾಡಿಗಳಲ್ಲಿ ಬ್ರೀದರ್ ಪೈಪ್ ಸಾಮಾನ್ಯವಾಗಿ ಏರ್ ಫಿಲ್ಟರ್ ಡಬ್ಬಿಗೆ ಹೋಗುತ್ತದೆ. ಅಲ್ಲಿ ಪೈಪ್ ಮಡಚಿರುವುದು, ಒಳಗೆ ಎಣ್ಣೆ ಮತ್ತು ನೀರಿನ ಹಳದಿ ನೊರೆ ಕಟ್ಟಿರುವುದು ಸಾಮಾನ್ಯ. ದಿನಾ ಟಿಳಕವಾಡಿಯಿಂದ ಕ್ಯಾಂಪಿಗೆ ಹೋಗಿ ಬರುವಷ್ಟೇ ಓಡುವ ಗಾಡಿಗಳಲ್ಲಿ ಇದು ಜಾಸ್ತಿ. ಎಂಜಿನ್ ಪೂರ್ತಿ ಬಿಸಿಯಾಗುವ ಮುಂಚೆ ನಿಂತುಬಿಡುತ್ತದೆ, ಒಳಗಿನ ತೇವ ಹೊರಗೆ ಹೋಗುವುದಿಲ್ಲ.

ಬ್ರೀದರ್ ಚೆನ್ನಾಗಿಯೇ ಇದ್ದು ಒತ್ತಡ ಹೆಚ್ಚಿದ್ದರೆ ಪಿಸ್ಟನ್ನಿನ ಸುತ್ತ ಇರುವ ರಿಂಗ್ ನೋಡಬೇಕು. ರಿಂಗ್ ಸವೆದರೆ ಮೇಲಿನ ಸುಡುಗಾಳಿ ಪಕ್ಕದಿಂದ ಕೆಳಗೆ ನುಗ್ಗುತ್ತದೆ. ಬ್ರೀದರ್ ಪೈಪಿನಿಂದ ಹೊಗೆ ಪುಸುಪುಸು ಬರುತ್ತಿದ್ದರೆ ಅನುಮಾನ ಪಡಿ. ಆಗಲೇ ಚೀಟಿಯಲ್ಲಿ ಬರೆದಿಡಿ ಅಂದೆನಲ್ಲ, ಐಡಲ್‌ನಲ್ಲಿ ಇಲ್ಲ, ಜೋರಾಗಿ ಓಡಿಸಿದಾಗ ಮಾತ್ರ ಸೋರಿಕೆ ಎಂದರೆ ಅದೂ ಒತ್ತಡದ ಕಡೆಗೇ ಬೆರಳು ತೋರಿಸುತ್ತದೆ. ಕಂಪ್ರೆಷನ್ ಗೇಜ್ ಹಾಕಿ ಒಮ್ಮೆ ಅಳೆಯಿರಿ. ಪ್ಲಗ್ಗಿನ ತೂತಿನಿಂದ ಒಂದು ಚಮಚ ಎಂಜಿನ್ ಎಣ್ಣೆ ಬಿಟ್ಟು ಮತ್ತೆ ಅಳೆಯಿರಿ. ಎರಡನೇ ಸಲ ಚೆನ್ನಾಗಿ ಏರಿದರೆ ರಿಂಗ್ ಅಥವಾ ಬೋರ್ ಸವೆದಿದೆ. ಏರದಿದ್ದರೆ ವಾಲ್ವ್ ಕಡೆ ನೋಡಿ. ರಿಂಗ್ ಸವೆದ ಎಂಜಿನ್ನಿಗೆ ಹೊರಗಿನ ಪ್ಯಾಕಿಂಗ್ ಎಷ್ಟು ಹಾಕಿದರೂ ದುಡ್ಡು ದಂಡ. ಹಾಫ್ ಎಂಜಿನ್ ಕೆಲಸ, ಅಂದರೆ ಬ್ಲಾಕ್ ಬಿಚ್ಚಿ ಬೋರ್, ಪಿಸ್ಟನ್, ರಿಂಗ್ ಸರಿಮಾಡುವುದು, ಮಾಡಿಸಲೇಬೇಕು ಎಂದು ಗಿರಾಕಿಗೆ ಮೊದಲೇ ಹೇಳಿಬಿಡಿ. ಅವರು ಮುಖ ಸಿಂಡರಿಸುತ್ತಾರೆ. ಸಿಂಡರಿಸಲಿ.

ಗಾಳಿಯ ಲೆಕ್ಕದಲ್ಲೇ ಬರುವ ಇನ್ನೊಂದು ಚೇಷ್ಟೆ ಇದೆ. ಬುಲೆಟ್ ಇಟ್ಟುಕೊಂಡ ಅರ್ಧ ಜನಕ್ಕೆ ಇದು ಗೊತ್ತಿಲ್ಲ. ಹಳೇ ಬುಲೆಟ್ಟಿನಲ್ಲಿ ಎಣ್ಣೆಯ ಟಾಕಿ ಕ್ರ್ಯಾಂಕ್‌ಕೇಸಿನ ಎರಕದಲ್ಲೇ ಇದೆ, ಹಿಂಭಾಗದಲ್ಲಿ. ಅಲ್ಲಿಂದ ಒಂದು ಪಂಪ್ ಎಣ್ಣೆ ಕಳಿಸುತ್ತದೆ, ಇನ್ನೊಂದು ವಾಪಸ್ ತರುತ್ತದೆ. ಗಾಡಿ ವಾರಗಟ್ಟಲೆ ನಿಂತರೆ ಟಾಕಿಯ ಎಣ್ಣೆ ಪಂಪಿನ ಸಂದಿಯಿಂದ ಜಿನುಗಿ ಕ್ರ್ಯಾಂಕ್ ಇರುವ ಕಡೆ ಇಳಿಯುತ್ತದೆ. ಮಾಲೀಕರು ಬಂದು ಎಣ್ಣೆ ಅಳೆಯುವ ಕಡ್ಡಿ, ಡಿಪ್‌ಸ್ಟಿಕ್, ನೋಡುತ್ತಾರೆ, ಎಣ್ಣೆ ಕಡಿಮೆ. ಅರ್ಧ ಲೀಟರ್ ಸುರಿಯುತ್ತಾರೆ. ಕಿಕ್ ಹೊಡೆದು ಶುರು ಮಾಡಿದ ಕೂಡಲೇ ಪಂಪ್ ಕೆಳಗಿನದ್ದನ್ನೆಲ್ಲ ವಾಪಸ್ ತರುತ್ತದೆ. ಟಾಕಿ ತುಂಬಿ ತುಳುಕುತ್ತದೆ, ಬ್ರೀದರಿನಿಂದ ಎಣ್ಣೆ ಉಗುಳುತ್ತದೆ. ಮುಂದಿನ ಭಾನುವಾರ ಗ್ಯಾರೇಜಿಗೆ ಬಂದು "ಭಾಳ ಸೋರಾಕತ್ತೈತ್ರಿ" ಅನ್ನುತ್ತಾರೆ. ಎಂಜಿನ್ ನಾಲ್ಕಾರು ನಿಮಿಷ ಓಡಿಸಿ, ನಿಲ್ಲಿಸಿ, ಆಮೇಲೆ ಡಿಪ್‌ಸ್ಟಿಕ್ ನೋಡಿದರೆ ಈ ಸೋರಿಕೆ ಹುಟ್ಟುವುದೇ ಇಲ್ಲ. ಸ್ಪ್ಲೆಂಡರಿನಂಥವುಗಳಲ್ಲಿ ಡಬಲ್ ಸ್ಟ್ಯಾಂಡ್ ಹಾಕಿ, ಡಿಪ್‌ಸ್ಟಿಕ್ಕನ್ನು ತಿರುಗಿಸದೆ ಸುಮ್ನೆ ಒಳಗಿಟ್ಟು ನೋಡಬೇಕು. ಸೈಡ್ ಸ್ಟ್ಯಾಂಡಿನಲ್ಲಿ ನೋಡಿ ಎಣ್ಣೆ ಹಾಕಿದ್ದರಿಂದಲೇ ಸೋರುವ ಗಾಡಿಗಳೂ ಇವೆ.

ಇನ್ನು ಮುಖಗಳ ವಿಷಯ. ಈ ಊರಲ್ಲಿ ಇದನ್ನು ಹೇಳಲು ನನಗೆ ಸಂಕೋಚ, ಏಕೆಂದರೆ ನಿಮ್ಮಲ್ಲಿ ಅರ್ಧ ಜನ ದಿನಾ ಮಾಡುವ ಕೆಲಸವೇ ಇದು. ಉದ್ಯಮಬಾಗ, ಮಚ್ಛೆಯಲ್ಲಿ ಫೌಂಡ್ರಿ, ಮಶಿನ್ ಶಾಪ್ ಇಲ್ಲದ ಬೀದಿ ಹುಡುಕಬೇಕು. ಸಪಾಟು ನೋಡಲು ಬಳಸುವ ಸರ್ಫೇಸ್ ಪ್ಲೇಟ್ ಮುಟ್ಟಿ ನೋಡದ ಹುಡುಗ ಇಲ್ಲಿ ಸಿಗುವುದು ಅಪರೂಪ. ಆದರೆ ಅದೇ ಹುಡುಗ ತನ್ನ ಗಾಡಿಯ ಕವರ್ ಬಿಚ್ಚಿದಾಗ ಅದನ್ನು ಸರ್ಫೇಸ್ ಪ್ಲೇಟ್ ಮೇಲೆ ಇಡುವುದಿಲ್ಲ. ನೇರ ಪ್ಯಾಕಿಂಗ್ ಅಂಗಡಿಗೆ ಹೋಗುತ್ತಾನೆ.

ಆ ರೈತರ ಬುಲೆಟ್ಟಿನ ಟ್ಯಾಪೆಟ್ ಕವರಿಗೆ ಬರುತ್ತೇನೆ. ಅದು ಅಂಗೈಯಷ್ಟು ಅಗಲದ ಅಲ್ಯೂಮಿನಿಯಂ ಮುಚ್ಚಳ. ನಾಲ್ಕು ಮೂಲೆಗೆ ನಾಲ್ಕು ಬೋಲ್ಟ್ ಇಲ್ಲ. ನಡುವೆ ಒಂದೇ ನಟ್. ಸೋರಿತು ಎಂದು ಯಾರೋ ಆ ನಟ್ಟನ್ನು ಬಿಗಿಯುತ್ತಾರೆ. ನಡು ಒಳಗೆ ಹೋಗುತ್ತದೆ, ಅಂಚುಗಳು ಹೊರಗೆ ಏಳುತ್ತವೆ. ಸೋರಿಕೆ ಜಾಸ್ತಿಯಾಗುತ್ತದೆ. ಇನ್ನೂ ಬಿಗಿಯುತ್ತಾರೆ. ಬಿಗಿದಷ್ಟೂ ಸೋರುವ ಕವರ್ ಇದು.

ಬಿಚ್ಚಿದ ಕವರನ್ನು ಗಾಜಿನ ಮೇಲೆ ಬೋರಲಾಗಿ ಇಟ್ಟೆ. ಕಿಟಕಿಗೆ ಹಾಕುವ ದಪ್ಪ ಗಾಜಿನ ತುಂಡು ಸಾಕು. ಬೆರಳಿಂದ ಒಂದು ಮೂಲೆ ಒತ್ತಿದರೆ ಎದುರಿನ ಮೂಲೆ ಟಕ್ ಎಂದು ಎದ್ದಿತು. ಸಂದಿ ಅಳೆಯುವ ಫೀಲರ್ ಗೇಜಿನ 0.15 ಮಿಲಿಮೀಟರಿನ ಎಸಳು ಅಡಿಯಲ್ಲಿ ಸಲೀಸಾಗಿ ಹೋಯಿತು. ಇಂಥ ಜಾಗದಲ್ಲಿ 0.05ರ ಎಸಳು ಹೋದರೂ ನನಗೆ ಸಮಾಧಾನ ಇಲ್ಲ. ಗಾಜಿನ ಮೇಲೆ 220ರ ವಾಟರ್ ಪೇಪರ್ (ಉಜ್ಜುವ ಕಾಗದ) ಹಾಸಿ, ಸ್ವಲ್ಪ ಡೀಸೆಲ್ ಹಾಕಿ, ಕವರಿನ ಮುಖಕ್ಕೆ ಮಾರ್ಕರ್ ಪೆನ್ನಿನಿಂದ ಅಡ್ಡಾದಿಡ್ಡಿ ಗೆರೆ ಎಳೆದೆ. ಇಂಗ್ಲಿಷಿನ ಎಂಟರ ಅಂಕಿ ಬರೆದ ಹಾಗೆ ಕವರನ್ನು ತಿರುಗಿಸುತ್ತಾ ಉಜ್ಜಿದೆ. ಒತ್ತಬಾರದು, ಕೈಯ ಭಾರ ಸಾಕು. ಮೊದಲು ನಡುವಿನ ಅಂಚುಗಳ ಗೆರೆ ಮಾತ್ರ ಅಳಿಸಿದವು. ನಾಲ್ಕು ಮೂಲೆಗಳಲ್ಲಿ ಮಾರ್ಕರ್ ಹಾಗೇ ಇತ್ತು. ಅಲ್ಲೇ ಸೋರುತ್ತಿದ್ದದ್ದು. ಸುತ್ತಲೂ ಗೆರೆ ಅಳಿಸಿ ಒಂದೇ ಬಣ್ಣ ಬಂದ ಮೇಲೆ 400ರ ಪೇಪರಿನಲ್ಲಿ ಮುಗಿಸಿದೆ. ತೊಳೆದು, ಹೊಸ ಪ್ಯಾಕಿಂಗಿಗೆ ಎರಡೂ ಕಡೆ ತೆಳ್ಳಗೆ ಗ್ರೀಸ್ ಸವರಿ ಹಾಕಿದೆ. ನಟ್ಟನ್ನು ಸಣ್ಣ ಪಾನಾದಿಂದ, ಎರಡು ಬೆರಳಿನ ಬಲದಲ್ಲಿ ಬಿಗಿದೆ. ಅಷ್ಟೇ. ಅಲ್ಲಿ ಸಿಲಿಕೋನ್ ಬೇಕಾಗಲೇ ಇಲ್ಲ.

ದೊಡ್ಡ ಕವರುಗಳಿಗೂ ಇದೇ ರೀತಿ. ಆದರೆ ಕ್ರ್ಯಾಂಕ್‌ಕೇಸಿನ ಎರಡು ಅರ್ಧಗಳನ್ನು, ಹೆಡ್ಡನ್ನು ಗಾಜಿನ ಮೇಲೆ ಉಜ್ಜಲು ಹೋಗಬೇಡಿ. ಅಲ್ಲಿ ಬೇರಿಂಗ್ ಅಳತೆ, ಕಂಪ್ರೆಷನ್ ಎಲ್ಲ ಇದೆ. ಒಳ್ಳೆಯ ಮಶಿನ್ ಶಾಪಿಗೆ ಕೊಡಿ. ಎಷ್ಟು ತೆಗೆಯುತ್ತಾರೆ ಎಂದು ಕೇಳಿ ಕೊಡಿ.

ಮುಖ ಹಾಳಾಗುವುದು ಹೆಚ್ಚಾಗಿ ನಮ್ಮ ಕೈಯಿಂದಲೇ. ಕವರ್ ಬರಲಿಲ್ಲ ಎಂದು ಸಂದಿಗೆ ಸ್ಕ್ರೂಡ್ರೈವರ್ ಹಾಕಿ ಮೀಟುತ್ತೇವೆ. ಅಲ್ಲೊಂದು ಗಾಯ ಆಗುತ್ತದೆ, ಅದು ಎಣ್ಣೆಗೆ ಕಾಲುವೆ. ಕವರ್ ಬರದಿದ್ದರೆ ಮೊದಲು ಬೋಲ್ಟ್ ಎಣಿಸಿ. ಒಂದು ಮರೆತಿರುತ್ತೇವೆ. ಎಲ್ಲ ಬಿಚ್ಚಿದ್ದರೆ ಮರದ ಸುತ್ತಿಗೆಯಿಂದ ಅಂಚಿಗೆ ತಟ್ಟಿ. ಹಳೇ ಪ್ಯಾಕಿಂಗ್ ಕೆರೆಯಲು ಉಳಿ ಬೇಡ. ಥಿನ್ನರ್ ಹಚ್ಚಿ ನೆನೆಯಲು ಬಿಟ್ಟು, ಬಿದಿರಿನ ಚಕ್ಕೆ ಅಥವಾ ಪ್ಲಾಸ್ಟಿಕ್ ಪಟ್ಟಿಯಿಂದ ಕೆರೆಯಿರಿ. ನಿಧಾನ ಆಗುತ್ತದೆ. ಆಗಲಿ.

ಬೋಲ್ಟ್ ತೂತಿನ ಬಾಯಿಯನ್ನು ಬೆರಳಿಂದ ಸವರಿ ನೋಡಿ. ಜಾಸ್ತಿ ಬಿಗಿದ ಕಡೆ ಅಲ್ಯೂಮಿನಿಯಂ ಮೇಲಕ್ಕೆ ಎದ್ದು ಸಣ್ಣ ದಿಬ್ಬ ಆಗಿರುತ್ತದೆ. ಆ ದಿಬ್ಬವೇ ಕವರನ್ನು ಎತ್ತಿ ಹಿಡಿಯುತ್ತದೆ. ತೂತಿಗಿಂತ ದೊಡ್ಡ ಡ್ರಿಲ್ ಬಿಟ್ಟನ್ನು ಕೈಯಲ್ಲೇ ಹಿಡಿದು ಎರಡು ಸುತ್ತು ತಿರುಗಿಸಿದರೆ ಹೋಗುತ್ತದೆ. 6 ಮಿಲಿಮೀಟರ್ ಬೋಲ್ಟಿಗೆ ಅಲ್ಯೂಮಿನಿಯಂನಲ್ಲಿ 10 ನ್ಯೂಟನ್ ಮೀಟರ್ ಆಸುಪಾಸು ಬಿಗಿ ಸಾಕು. ಉದ್ದ ಹಿಡಿಯ ಪಾನಾ ಹಾಕಿದರೆ ಕೈಗೆ ತಿಳಿಯುವ ಮುಂಚೆ ಥ್ರೆಡ್ ಕಿತ್ತಿರುತ್ತದೆ. ಕಿತ್ತಿದ್ದರೆ ಹೆಲಿಕಾಯಿಲ್, ಅಂದರೆ ತೂತಿನೊಳಗೆ ಕೂರಿಸುವ ತಂತಿಯ ಹೊಸ ಥ್ರೆಡ್, ಹಾಕಿಸಿ. ದಪ್ಪ ಬೋಲ್ಟ್ ಬಡಿದು ಸೇರಿಸುವುದು, ದಾರ ಸುತ್ತಿ ಕೂರಿಸುವುದು ಬೇಡ.

ಕವರಿನ ಸ್ಕ್ರೂಗಳು ಬೇರೆ ಬೇರೆ ಉದ್ದ ಇರುತ್ತವೆ. ಗಿಡ್ಡ ಸ್ಕ್ರೂ ಜಾಗಕ್ಕೆ ಉದ್ದದ್ದು ಬಿದ್ದರೆ ಅದು ತೂತಿನ ತಳ ಮುಟ್ಟಿ ನಿಲ್ಲುತ್ತದೆ. ಕೈಗೆ ಬಿಗಿಯಾಯಿತು ಅನ್ನಿಸುತ್ತದೆ, ಕವರ್ ಮಾತ್ರ ಕೂತಿರುವುದಿಲ್ಲ. ರಟ್ಟಿನ ಮೇಲೆ ಕವರಿನ ಚಿತ್ರ ಬರೆದು, ತೆಗೆದ ಸ್ಕ್ರೂವನ್ನು ಅದದೇ ಜಾಗದಲ್ಲಿ ಚುಚ್ಚಿಡಿ.

ಪ್ಯಾಕಿಂಗ್ ಬಗ್ಗೆ ಹೇಳುವುದು ಕಡಿಮೆಯೇ ಇದೆ. ಹಳೇದರ ದಪ್ಪ ಅಳೆದು ಅಷ್ಟೇ ದಪ್ಪದ್ದು ತನ್ನಿ, ಏಕೆಂದರೆ ಕೆಲವು ಕಡೆ ಆ ದಪ್ಪವೇ ಶಾಫ್ಟಿನ ಆಟವನ್ನು ತೀರ್ಮಾನಿಸುತ್ತದೆ. ಶೀಟಿನಿಂದ ಮನೆಯಲ್ಲೇ ಕತ್ತರಿಸುವುದಾದರೆ ಕವರಿನ ಅಂಚಿಗೆ ಸುತ್ತಿಗೆ ಬಡಿದು ಅಚ್ಚು ತೆಗೆಯಬೇಡಿ, ಅಂಚು ದುಂಡಗಾಗುತ್ತದೆ. ಮುಖಕ್ಕೆ ಎಣ್ಣೆ ಹಚ್ಚಿ ಶೀಟಿನ ಮೇಲೆ ಒತ್ತಿ, ಮೂಡಿದ ಗುರುತಿನ ಮೇಲೆ ಕತ್ತರಿ ಆಡಿಸಿ. ತಾಮ್ರದ ವಾಷರ್ ಮತ್ತೆ ಹಾಕುವುದಾದರೆ ಮಂದ ಕೆಂಪು ಬರುವವರೆಗೆ ಕಾಯಿಸಿ ನೀರಿಗೆ ಹಾಕಿ. ತಾಮ್ರ ಮೆತ್ತಗಾಗುತ್ತದೆ. ಉಕ್ಕು ಹೀಗೆ ಮಾಡಿದರೆ ಗಟ್ಟಿಯಾಗುತ್ತದೆ, ತಾಮ್ರ ಉಲ್ಟಾ. ಬುಲೆಟ್ಟಿನ ಹೆಡ್ಡಿಗೆ ಎಣ್ಣೆ ಒಯ್ಯುವ ಹೊರಗಿನ ಪೈಪುಗಳ ವಾಷರಿಗೆ ಇಷ್ಟು ಮಾಡಿದರೆ ಸಾಕು, ಅಲ್ಲಿನ ಜಿನುಗು ನಿಲ್ಲುತ್ತದೆ.

ನನಗೆ ಸಿಲಿಕೋನ್ ಮೇಲೆ ಸಿಟ್ಟಿಲ್ಲ, ಅದನ್ನು ಹಚ್ಚುವ ರೀತಿಯ ಮೇಲೆ ಇದೆ. ಹೊರಗೆ ಒಂದು ಗೆರೆ ಉಕ್ಕಿದೆ ಎಂದರೆ ಒಳಗೂ ಅಷ್ಟೇ ಉಕ್ಕಿದೆ. ಒಳಗಿನದ್ದು ಎಣ್ಣೆಯಲ್ಲಿ ನೆನೆದು ಒಂದು ದಿನ ಕಿತ್ತು ಬರುತ್ತದೆ. ಜಾಲರಿಯಲ್ಲಿ ಸಿಕ್ಕರೆ ಪುಣ್ಯ. ಎಣ್ಣೆಯ ಸಣ್ಣ ದಾರಿಯಲ್ಲಿ ಸಿಕ್ಕಿಕೊಂಡರೆ ವಾಲ್ವ್ ಒತ್ತುವ ರಾಕರಿಗೆ ಎಣ್ಣೆ ಹೋಗದೆ ಅದು ಸುಡುತ್ತದೆ. ಹನಿ ನಿಲ್ಲಿಸಲು ಹೋಗಿ ಎಂಜಿನ್ ಕಳೆದುಕೊಂಡ ಹಾಗೆ. ಹಚ್ಚಲೇಬೇಕಾದ ಕಡೆ ಬೆರಳಿನಿಂದ ಸವರಿದಷ್ಟು ತೆಳ್ಳಗೆ, ಥಿನ್ನರಿನಲ್ಲಿ ಒರೆಸಿ ಒಣಗಿದ ಮುಖಕ್ಕೆ ಹಚ್ಚಿ. ಒಂದು ರಾತ್ರಿ ಬಿಟ್ಟು ಎಣ್ಣೆ ತುಂಬಿ. ಸಂಜೆ ಹಚ್ಚಿ ಸಂಜೆಯೇ ಚೋರ್ಲಾ ಘಾಟಿಗೆ ಹೊರಟರೆ ದಾರಿಯಲ್ಲೇ ಸೋರುತ್ತದೆ.

ಆಯಿಲ್ ಸೀಲಿಗೆ, ಅಂದರೆ ಶಾಫ್ಟಿನ ಸುತ್ತ ಎಣ್ಣೆ ತಡೆಯುವ ರಬ್ಬರ್ ತುಟಿಯ ಉಂಗುರಕ್ಕೆ, ಬರೋಣ. ತಿರುಗುವ ಶಾಫ್ಟ್ ಹೊರಗೆ ಬರುವ ಕಡೆಯೆಲ್ಲ ಇರುತ್ತದೆ. ಸ್ಪ್ರಾಕೆಟ್ ಹಿಂದೆ, ಕಿಕ್ ಶಾಫ್ಟಿಗೆ, ಗೇರ್ ಶಾಫ್ಟಿಗೆ. ಸ್ಪ್ರಿಂಗ್ ಕಾಣುವ ಕಡೆ ಎಣ್ಣೆಯ ಕಡೆಗೆ ಇರಬೇಕು. ಸೀಲ್ ಮೇಲೆ ಮೂರು ಅಂಕಿ ಬರೆದಿರುತ್ತದೆ, ಒಳ ಅಳತೆ, ಹೊರ ಅಳತೆ, ದಪ್ಪ. ಅದನ್ನು ಬರೆದುಕೊಂಡು ಹೋದರೆ ಬೇರಿಂಗ್ ಅಂಗಡಿಯಲ್ಲೂ ಸಿಗುತ್ತದೆ.

ಹೊಸ ಸೀಲ್ ಹಾಕಿದರೂ ಸೋರಿದರೆ ಶಾಫ್ಟನ್ನು ಉಗುರಿನಿಂದ ಉದ್ದಕ್ಕೆ ಗೀರಿ ನೋಡಿ. ಹಳೇ ಸೀಲಿನ ತುಟಿ ಕೂತ ಜಾಗದಲ್ಲಿ ಉಗುರು ಸಿಕ್ಕಿಕೊಳ್ಳುತ್ತದೆ. ಧೂಳು ರಬ್ಬರಿನಲ್ಲಿ ಹುದುಗಿ ಉಕ್ಕನ್ನೇ ಸವೆಸಿ ಕಾಲುವೆ ಮಾಡಿರುತ್ತದೆ. ರಬ್ಬರ್ ಉಕ್ಕನ್ನು ತಿನ್ನುತ್ತದೆ ಎಂದರೆ ಹೊಸ ಹುಡುಗರು ನಂಬುವುದಿಲ್ಲ, ಉಗುರಿಗೆ ಸಿಕ್ಕಾಗ ನಂಬುತ್ತಾರೆ. ಸೀಲ್ ಕೂರುವ ಗೂಡಿನಲ್ಲಿ ಜಾಗ ಇದ್ದರೆ ಹೊಸ ಸೀಲನ್ನು ಒಂದೂವರೆ ಮಿಲಿಮೀಟರ್ ಹಿಂದೆಯೋ ಮುಂದೆಯೋ ಕೂರಿಸಿ, ತುಟಿ ಹೊಸ ಜಾಗದಲ್ಲಿ ಕೂರುತ್ತದೆ. ಜಾಗ ಇಲ್ಲದಿದ್ದರೆ ಶಾಫ್ಟಿಗೆ ತೆಳು ಸ್ಲೀವ್ ಹಾಕಿಸಬೇಕು, ಇಲ್ಲವೇ ಹಾರ್ಡ್ ಕ್ರೋಮ್ ಹಾಕಿಸಿ ಗ್ರೈಂಡ್ ಮಾಡಿಸಬೇಕು. ಎರಡೂ ಈ ಊರಲ್ಲಿ ಕಷ್ಟದ ಕೆಲಸವಲ್ಲ.

ಶಾಫ್ಟನ್ನು ಮೇಲೆ ಕೆಳಗೆ ಅಲ್ಲಾಡಿಸಿಯೂ ನೋಡಿ. ಆಡಿದರೆ ಬುಷ್ ಅಥವಾ ಬೇರಿಂಗ್ ಹೋಗಿದೆ. ಓಲಾಡುವ ಶಾಫ್ಟನ್ನು ಯಾವ ಸೀಲೂ ಹಿಡಿಯುವುದಿಲ್ಲ. ಚೈನ್ ಅತಿ ಬಿಗಿ ಇಟ್ಟು ಓಡಿಸುವವರ ಗಾಡಿಯಲ್ಲಿ ಇದು ಬೇಗ ಬರುತ್ತದೆ. ಸೀಲ್ ಹಾಕುವಾಗ ಶಾಫ್ಟಿನ ಹಲ್ಲುಗಳಿಗೆ ಟೇಪ್ ಸುತ್ತಿ, ತುಟಿಗೆ ಗ್ರೀಸ್ ಹಚ್ಚಿ. ಇಲ್ಲದಿದ್ದರೆ ತುಟಿ ಹಾಕುವಾಗಲೇ ಹರಿಯುತ್ತದೆ.

ಇಷ್ಟೆಲ್ಲ ಆದ ಮೇಲೂ ಒಂದು ಜಾತಿಯ ಸೋರಿಕೆ ಉಳಿಯುತ್ತದೆ. ಯಾವ ಜೋಡಣೆಯೂ ಇಲ್ಲದ ಕಡೆ, ನುಣ್ಣಗಿನ ಎರಕದ ಮೈಮೇಲೆ ಎಣ್ಣೆ ಬೆವರುತ್ತದೆ. ಬೇರೆ ಊರಲ್ಲಿ ಇದನ್ನು ಹೇಳಿದರೆ ನಗುತ್ತಾರೆ. ಇಲ್ಲಿ ಹಾಗಿಲ್ಲ. ಬ್ಲೋಹೋಲ್, ಪೊರಾಸಿಟಿ ಎಂದರೆ ಏನು ಎಂದು ನಿಮಗೆ ನಾನು ಹೇಳಬೇಕಿಲ್ಲ. ಲೋಹ ಆರುವಾಗ ಒಳಗೆ ಸಿಕ್ಕ ಗ್ಯಾಸಿನಿಂದ ಆದ ಸಣ್ಣ ತೂತುಗಳು, ಒಂದಕ್ಕೊಂದು ಸೇರಿದರೆ ಎಣ್ಣೆಗೆ ದಾರಿ. ಹೊಸದರಲ್ಲಿ ಬಣ್ಣದ ಅಡಿಯಲ್ಲಿ ಮುಚ್ಚಿರುತ್ತದೆ. ಬಣ್ಣ ಹೋದಮೇಲೆ, ಅಥವಾ ಯಾರೋ ಚೆನ್ನಾಗಿ ಕಾಣಲಿ ಎಂದು ಬಫ್ ಮಾಡಿಸಿ ಮೇಲಿನ ಪದರ ತೆಗೆದಮೇಲೆ, ಹೊರಗೆ ಬರುತ್ತದೆ.

ಫೌಂಡ್ರಿಯ ಹಳೇ ಪರೀಕ್ಷೆಯೇ ಇಲ್ಲಿ ಸಾಕು. ಬಿಚ್ಚಿದ ಕೇಸಿನ ಹೊರಮೈಗೆ ಸೀಮೆಸುಣ್ಣ ಅರೆದು ಬಳಿದು ಒಣಗಿಸಿ. ಒಳಗಿನಿಂದ ಸೀಮೆಎಣ್ಣೆ ಸವರಿ ಕಾಯಿರಿ. ಎಣ್ಣೆ ಬಾರದ ಕಡೆಯೂ ಸೀಮೆಎಣ್ಣೆ ಬರುತ್ತದೆ, ಅಷ್ಟು ತೆಳು. ಬಿಳಿ ಮೇಲೆ ಒದ್ದೆ ಚುಕ್ಕೆ ಬಂದರೆ ಅದೇ ತೂತು, ಗೆರೆ ಬಂದರೆ ಬಿರುಕು. ಚುಕ್ಕೆಗಾದರೆ ಒಳಗಡೆಯಿಂದ, ಚೆನ್ನಾಗಿ ಎಣ್ಣೆಯ ಜಿಡ್ಡು ತೆಗೆದು, ಬಿಸಿ ತಾಳುವ ಎಪಾಕ್ಸಿ ಹಾಕಿದರೆ ನಡೆಯುತ್ತದೆ. ಬಿರುಕಿಗೆ ಟಿಗ್ ವೆಲ್ಡಿಂಗ್ ಬೇಕು. ವೆಲ್ಡಿಂಗಿಗೆ ಮುಂಚೆ ಕೇಸನ್ನು ಕಾಯಿಸಿ, ಮೈಯೊಳಗೆ ಹೀರಿಕೊಂಡ ಎಣ್ಣೆ ಹೊರಗೆ ಬರಿಸಿ. ಇಲ್ಲದಿದ್ದರೆ ವೆಲ್ಡ್ ಗುಳ್ಳೆ ಗುಳ್ಳೆಯಾಗುತ್ತದೆ. ವೆಲ್ಡ್ ಆದಮೇಲೆ ಮುಖ ಸೊಟ್ಟಗಾಗಿರುತ್ತದೆ, ಮತ್ತೆ ಸರ್ಫೇಸ್ ಪ್ಲೇಟ್.

ದಪ್ಪ ಎಣ್ಣೆ ಹಾಕಿದರೆ ಸೋರುವುದು ನಿಲ್ಲುತ್ತದೆ ಎಂದು ಕೆಲವರು ಹೇಳುತ್ತಾರೆ. ಬಿಸಿಯಾಗುವವರೆಗೆ ನಿಲ್ಲುತ್ತದೆ. ಕಂಪನಿ ಹೇಳಿದ ಗ್ರೇಡೇ ಹಾಕಿ. ರಬ್ಬರ್ ಉಬ್ಬಿಸುವ ಬಾಟಲಿ ಔಷಧಿಗಳು ಗಟ್ಟಿಯಾದ ಸೀಲನ್ನು ಸ್ವಲ್ಪ ದಿನ ನಡೆಸಬಹುದು, ಸವೆದ ಶಾಫ್ಟಿಗೆ ಏನೂ ಮಾಡುವುದಿಲ್ಲ. ತೆಗೆದ ಹಳೇ ಎಣ್ಣೆಯನ್ನು ದಯವಿಟ್ಟು ಗಟಾರಿಗೆ ಸುರಿಯಬೇಡಿ. ಅದು ಬಳ್ಳಾರಿ ನಾಲೆ ಸೇರಿ ನಮ್ಮದೇ ಊರಿನ ಹೊಲಕ್ಕೆ ಹೋಗುತ್ತದೆ. ಡಬ್ಬಿಯಲ್ಲಿ ಕೂಡಿಟ್ಟು, ಹಳೇ ಎಣ್ಣೆ ಒಯ್ಯುವವರಿಗೆ ಕೊಡಿ.

ಮಾತು ಮುಗಿದ ಮೇಲೆ ಕೇಳಿದ ಪ್ರಶ್ನೆಗಳಲ್ಲಿ ಎರಡನ್ನು ಇಲ್ಲಿ ಬರೆಯುತ್ತೇನೆ.

ಒಬ್ಬ ಹುಡುಗ ಕೇಳಿದ: "ಸರ್, ನಂದು ಆರ್‌ಎಕ್ಸ್ 100. ಸೈಲೆನ್ಸರ್ ಜಾಯಿಂಟಿನಾಗ ಕರಿ ಎಣ್ಣಿ ಬರತೈತಿ. ಎಂಜಿನ್ ಸೋರಾಕತ್ತೇತೇನ್ರಿ?"

ಇಲ್ಲ. ಟೂ ಸ್ಟ್ರೋಕಿನಲ್ಲಿ ಪೆಟ್ರೋಲ್ ಜೊತೆ ಹೋದ ಎಣ್ಣೆ ಪೂರ್ತಿ ಸುಡದೆ ಹಾಗೆ ಬರುತ್ತದೆ. ಸೈಲೆನ್ಸರ್ ವಾಷರ್ ಹೊಸದು ಹಾಕು, ಎಣ್ಣೆಯ ಪ್ರಮಾಣ ನೋಡು. ನೀನು ನಿಜವಾಗಿ ನೋಡಬೇಕಾದದ್ದು ಗೇರ್ ಎಣ್ಣೆ. ಹೊರಗೆ ಎಲ್ಲೂ ಸೋರದೆ ಗೇರ್ ಎಣ್ಣೆ ಕಡಿಮೆಯಾಗುತ್ತಿದ್ದು, ಬಿಳಿ ಹೊಗೆ ಜಾಸ್ತಿ ಇದ್ದರೆ ಕ್ಲಚ್ ಕಡೆಯ ಕ್ರ್ಯಾಂಕ್ ಸೀಲ್ ಹೋಗಿದೆ. ಎಂಜಿನ್ ಅದನ್ನು ಒಳಗೇ ಕುಡಿಯುತ್ತಿದೆ. ಮ್ಯಾಗ್ನೆಟ್ ಕಡೆಯ ಸೀಲ್ ಹೋದರೆ ಎಣ್ಣೆ ಬರುವುದಿಲ್ಲ, ಗಾಳಿ ಎಳೆದುಕೊಂಡು ಐಡಲ್ ತಾನಾಗಿ ಏರುತ್ತದೆ. ಅದನ್ನು ಹಾಗೇ ಓಡಿಸಿದರೆ ಪಿಸ್ಟನ್ ಸಿಲಿಂಡರಿನಲ್ಲಿ ಹಿಡಿದುಕೊಂಡು ನಿಲ್ಲುತ್ತದೆ.

ಹಿಂದೆ ಕೂತಿದ್ದ ಹಿರಿಯರೊಬ್ಬರು ಕೇಳಿದರು: "ಎಷ್ಟು ಸೋರಿದ್ರ ನಡೀತೈತಿ, ಎಷ್ಟಾದ್ರ ಬಿಚ್ಚಬೇಕು?"

ರಾತ್ರಿ ಗಾಡಿ ಕೆಳಗೆ ಬಿಳಿ ರಟ್ಟು ಹಾಸಿ. ಬೆಳಿಗ್ಗೆ ಒಂದೆರಡು ಹನಿ ಇದ್ದು, ತಿಂಗಳಿಗೊಮ್ಮೆ ಡಿಪ್‌ಸ್ಟಿಕ್ ನೋಡಿದಾಗ ಎಣ್ಣೆ ಹೆಚ್ಚುಕಡಿಮೆ ಅಷ್ಟೇ ಇದ್ದರೆ ನಾನಾದರೆ ಬಿಚ್ಚುವುದಿಲ್ಲ. ಎಂಜಿನ್ನಿಗೆ ಬೇರೆ ಏನಾದರೂ ಕೆಲಸ ಬಂದಾಗ ಅದನ್ನೂ ಮಾಡುತ್ತೇನೆ. ಎಣ್ಣೆ ಹಿಂದಿನ ಟೈರ್ ಅಥವಾ ಬ್ರೇಕ್ ಡ್ರಮ್ಮಿನ ಕಡೆ ಹೋಗುತ್ತಿದ್ದರೆ, ಬಿಸಿ ಸೈಲೆನ್ಸರ್ ಮೇಲೆ ಬಿದ್ದು ಹೊಗೆ ಏಳುತ್ತಿದ್ದರೆ, ಒಂದು ಹನಿಯಾದರೂ ಗಾಡಿ ಓಡಿಸಬೇಡಿ. ನಿನ್ನೆವರೆಗೆ ಇಲ್ಲದ್ದು ಇವತ್ತು ಒಮ್ಮೆಲೇ ಬಂದರೂ ಅಷ್ಟೇ. ಅಂಥದ್ದಕ್ಕೆ ಮೊದಲು ಬ್ರೀದರ್ ಪೈಪ್ ಬಿಚ್ಚಿ ಊದಿ ನೋಡಿ. ಅದಕ್ಕೆ ಪಾನಾ ಕೂಡ ಬೇಕಾಗಿಲ್ಲ.